ಎಂಬ್ರೇರ್‌ಗೆ ಸೇರಲಾ, ಸಿಆರ್‌ಜೆಗೆ ಸೇರಲಾ?

ಅಮೆರಿಕದಲ್ಲಿ ಏರ್‌ಲೈನ್ ಸೇರಲು ಸಾಮಾನ್ಯವಾಗಿ ಬೇಕಾಗುವ 1,500 ಗಂಟೆ ಹಾರಾಟ ಪೂರೈಸುವ ಹೊತ್ತಿಗೆ ಹೊಸ ಪೈಲಟ್‌ಗಳು ನನ್ನನ್ನು ಕೇಳುವುದು ಹೆಚ್ಚುಕಡಿಮೆ ಇದನ್ನೇ. "ಎರಡು ರೀಜನಲ್ ಏರ್‌ಲೈನ್‌ನಿಂದ ಆಫರ್ ಬಂದಿದೆ. ಒಂದು ಕಡೆ ಎಂಬ್ರೇರ್ 175, ಇನ್ನೊಂದು ಕಡೆ ಸಿಆರ್‌ಜೆ. ಯಾವುದಕ್ಕೆ ಸೇರಲಿ?" ದೊಡ್ಡ ಏರ್‌ಲೈನ್‌ಗಳ ಪರವಾಗಿ ಸಣ್ಣ ಊರುಗಳಿಗೆ ಹಾರುವ ಕಂಪನಿಗಳೇ ರೀಜನಲ್‌ಗಳು, ಈ ಎರಡೂ ಅವು ಹಾರಿಸುವ ಸಣ್ಣ ಜೆಟ್‌ಗಳು.

ನಿಮ್ಮ ಮನೆ ಎಲ್ಲಿ, ಅವರು ಕೊಡುವ ಬೇಸ್, ಅಂದರೆ ಡ್ಯೂಟಿ ಶುರುವಾಗುವ ವಿಮಾನ ನಿಲ್ದಾಣ ಎಲ್ಲಿ ಅಂತ ನಾನು ತಿರುಗಿ ಕೇಳುತ್ತೇನೆ.

ವಿಮಾನದ ವಿಷಯ ಕೇಳಿದರೆ ಮನೆ ವಿಷಯ ತೆಗೀತಾರಲ್ಲ ಅಂತ ಕೆಲವರಿಗೆ ಬೇಜಾರು. ಆದರೆ ನಾನು ಎಂಬ್ರೇರ್ ಬೇಕೇ ಬೇಕೆಂದು ಹಟ ಹಿಡಿದು, ಎರಡು ವಿಮಾನ ಬದಲಿಸಿ ತಲುಪಬೇಕಾದ ಬೇಸ್ ಒಪ್ಪಿಕೊಂಡವನು. ಸೋಮವಾರ ಬೆಳಿಗ್ಗೆ ಡ್ಯೂಟಿ ಇದ್ದರೆ ಭಾನುವಾರ ಮಧ್ಯಾಹ್ನವೇ ಮನೆ ಬಿಡಬೇಕಿತ್ತು. ಸೀಟು ಖಾಲಿ ಇದ್ದರೆ ಮಾತ್ರ ಪ್ರಯಾಣ. ಗೇಟಿನ ಪರದೆಯಲ್ಲಿ ನನ್ನ ಹೆಸರಿನ ಮುಂದೆ ಸೀಟು ನಂಬರ್ ಬರುತ್ತಾ ಅಂತ ನೋಡುತ್ತಾ, ಬ್ಯಾಗ್ ಹೆಗಲಿಂದ ಇಳಿಸದೆ ನಿಂತಿರುತ್ತಿದ್ದೆ. ರಾತ್ರಿ ಬೇಸ್ ಹತ್ತಿರ ಆರು ಜನ ಹಂಚಿಕೊಂಡ ಬಾಡಿಗೆ ಕೋಣೆಯಲ್ಲಿ (ಕ್ರ್ಯಾಶ್ ಪ್ಯಾಡ್) ನಿದ್ದೆ. ಕರೆ ಬಂದರೆ ಹೊರಡಲು ಸಿದ್ಧವಾಗಿ ಕಾಯುವ ರಿಸರ್ವ್ ದಿನಗಳಲ್ಲಿ ಫೋನ್ ತಲೆದಿಂಬಿನ ಪಕ್ಕದಲ್ಲೇ. ಈ ಓಡಾಟಕ್ಕೆ ಸಂಬಳ ಇಲ್ಲ, ಅದು ರಜೆಯ ದಿನಗಳನ್ನೇ ತಿನ್ನುತ್ತದೆ. ನನ್ನ ಜೊತೆ ಕಲಿತ ಗೆಳತಿ ಹಳೇ ಸಿಆರ್‌ಜೆ 200 ಹಾರಿಸುತ್ತಿದ್ದಳು. ಟ್ರಿಪ್ ಮುಗಿದ ಅರ್ಧ ಗಂಟೆಗೆ ಮನೆ ಸೇರುತ್ತಿದ್ದಳು. ನನಗಿಂತ ಮೊದಲು ಕ್ಯಾಪ್ಟನ್ ಕೂಡ ಆದಳು.

ಅವಳು ಮೊದಲಾಗಿದ್ದು ಸೀನಿಯಾರಿಟಿಯಿಂದ, ಅಂದರೆ ಕಂಪನಿಗೆ ಸೇರಿದ ಕ್ರಮದ ಪಟ್ಟಿಯಲ್ಲಿನ ನಂಬರಿನಿಂದ. ಯಾವ ಬೇಸ್, ಯಾವ ವಾರ ರಜೆ, ಕ್ರಿಸ್‌ಮಸ್ ದಿನ ಮನೆಯಲ್ಲೋ ಹೋಟೆಲಿನಲ್ಲೋ, ಕ್ಯಾಪ್ಟನ್ ಕೂರುವ ಎಡಗಡೆ ಸೀಟು ಯಾವಾಗ, ಎಲ್ಲವನ್ನೂ ಆ ಒಂದು ನಂಬರ್ ತೀರ್ಮಾನಿಸುತ್ತದೆ. ಬೇರೆ ಕಂಪನಿಗೆ ಹೋದರೆ ಪಟ್ಟಿಯ ಕೊನೆಯಿಂದ ಮತ್ತೆ ಶುರು. ವಿಮಾನ ಹಾಗಲ್ಲ, ಬರುತ್ತದೆ, ಹೋಗುತ್ತದೆ. ಹೊರೈಝನ್ ಏರ್ 2023ರ ಜನವರಿಯಲ್ಲಿ ತನ್ನ ಕ್ಯೂ400 ಟರ್ಬೊಪ್ರಾಪ್‌ಗಳನ್ನು ಪೂರ್ತಿ ನಿಲ್ಲಿಸಿ ಎಂಬ್ರೇರ್ 175 ಮಾತ್ರ ಇಟ್ಟುಕೊಂಡಿತು. ಬೇರೆ ವಿಮಾನ ಹಾರಿಸಲು ಬೇಕಾದ ಅರ್ಹತೆ, ಟೈಪ್ ರೇಟಿಂಗ್, ಕೆಲವು ವಾರಗಳ ಕೆಲಸ. ಕಳೆದುಕೊಂಡ ಸೀನಿಯಾರಿಟಿ ವಾಪಸ್ ಬರೋದಿಲ್ಲ.

ಅಪ್‌ಗ್ರೇಡ್, ಅಂದರೆ ಕ್ಯಾಪ್ಟನ್ ಆಗಿ ಬಡ್ತಿ, ಎಷ್ಟು ಬೇಗ ಆಗುತ್ತದೆ ಅನ್ನುವುದನ್ನೂ ವಿಚಾರಿಸಿ. ಕ್ಯಾಪ್ಟನ್ ಆಗಲು ಏರ್‌ಲೈನ್ ಹಾರಾಟದಲ್ಲೇ 1,000 ಗಂಟೆ ಇರಬೇಕು, ಅದು ನಿಯಮ. ರಿಸರ್ವ್‌ನಲ್ಲಿ ಫೋನಿಗೆ ಕಾಯುತ್ತಾ ಕೂತರೆ ಈ ಗಂಟೆಗಳು ತುಂಬುವುದೇ ನಿಧಾನ.

ಹಾಗಂತ ವಿಮಾನ ಲೆಕ್ಕಕ್ಕೇ ಇಲ್ಲ ಅಂತ ನಾನು ಹೇಳುವುದಿಲ್ಲ. 50 ಸೀಟಿನ ಜೆಟ್‌ಗಳು ಕಡಿಮೆಯಾಗುತ್ತಾ ಬಂದಿವೆ. ಇಂಧನದ ಖರ್ಚು ಅಷ್ಟು ಕಡಿಮೆ ಜನರ ಮೇಲೆ ಬಿದ್ದರೆ ಕಂಪನಿಗೆ ಗಿಟ್ಟುವುದಿಲ್ಲ. ಇನ್ನೊಂದು ಕಡೆ, ದೊಡ್ಡ ಏರ್‌ಲೈನ್‌ಗಳ ಪೈಲಟ್ ಒಪ್ಪಂದದಲ್ಲಿ ಸ್ಕೋಪ್ ಅನ್ನುವ ಷರತ್ತು ಇದೆ. ತಮ್ಮ ಪರವಾಗಿ ರೀಜನಲ್‌ಗಳು ಎಷ್ಟು ದೊಡ್ಡ ವಿಮಾನ ಹಾರಿಸಬಹುದು ಅನ್ನುವುದನ್ನು ಅದು ಕಟ್ಟಿಹಾಕುತ್ತದೆ. ಅಮೆರಿಕನ್, ಡೆಲ್ಟಾ, ಯುನೈಟೆಡ್ ಮೂರರಲ್ಲೂ ರೀಜನಲ್ ಜೆಟ್‌ಗೆ 76 ಸೀಟು, 86,000 ಪೌಂಡ್ ತೂಕವೇ ಮಿತಿ. ಎಂಬ್ರೇರ್ 175 ಅದರೊಳಗೆ ಸರಿಯಾಗಿ ಕೂರುತ್ತದೆ. ಅದಕ್ಕೇ ಅದಕ್ಕೆ ಅಷ್ಟು ಬೇಡಿಕೆ. ಸೇರುವ ಕಂಪನಿಯಲ್ಲಿ 50 ಸೀಟಿನವೇ ಜಾಸ್ತಿ ಇದ್ದರೆ, ಮುಂದೇನು ತರಿಸುತ್ತಾರೆ ಅಂತ ಕೇಳಲೇಬೇಕು.

ಕಲಿಕೆಯ ಮಾತಿಗೆ ಬಂದರೆ ಸಿಆರ್‌ಜೆ 200 ಕಂಡರೆ ನನಗೆ ಗೌರವ. ಅದರಲ್ಲಿ ಎಂಜಿನ್ ಶಕ್ತಿಯನ್ನು ತಾನೇ ಹೊಂದಿಸುವ ಆಟೋಥ್ರಾಟಲ್ ಇಲ್ಲ. ಲ್ಯಾಂಡಿಂಗ್‌ಗೆ ಇಳಿಯುವಾಗ ವೇಗ ಮೂರು ನಾಟ್ ಕುಸಿದರೂ ಕೈಯೇ ಥ್ರಸ್ಟ್ ಲಿವರ್ ಮುಂದೆ ತಳ್ಳಬೇಕು. ನಿಧಾನ ವೇಗದಲ್ಲೂ ವಿಮಾನವನ್ನು ಎತ್ತಿಹಿಡಿಯಲು ರೆಕ್ಕೆಯ ಮುಂಭಾಗದಲ್ಲಿ ಚಾಚುವ ಹಲಗೆ, ಸ್ಲ್ಯಾಟ್, ಇಲ್ಲದ್ದರಿಂದ ಮೂತಿ ತಗ್ಗಿಸಿಕೊಂಡೇ ರನ್‌ವೇಗೆ ಬರುತ್ತದೆ. ಕೊನೇ ಗಳಿಗೆಯಲ್ಲಿ ಅದನ್ನು ಹದವಾಗಿ ಎತ್ತಬೇಕು. ಎಂಬ್ರೇರ್‌ನಲ್ಲಿ ಲಿವರ್‌ಗಳು ತಾವೇ ಸರಿಯುತ್ತವೆ, ಅಂಗೈ ಸುಮ್ನೆ ಅವುಗಳ ಮೇಲಿರುತ್ತದೆ. ಗೆಳತಿಯ ಕೈ ಪಳಗಿದಷ್ಟು ಬೇಗ ನನ್ನದು ಪಳಗಲಿಲ್ಲ.

ಎರಡೂ ಕಂಪನಿ ಮನೆ ಹತ್ತಿರವೇ ಬೇಸ್ ಕೊಟ್ಟು, ಅಪ್‌ಗ್ರೇಡ್ ಕೂಡ ಒಂದೇ ಹೊತ್ತಿಗೆ ಆಗುವಂತಿದ್ದರೆ ಇಷ್ಟವಾದ ವಿಮಾನ ಆರಿಸಿಕೊಳ್ಳಿ. ಇಲ್ಲವಾದರೆ ಇಂಟರ್‌ವ್ಯೂ ಕೊನೆಯಲ್ಲಿ "ನಿಮಗೇನಾದರೂ ಕೇಳುವುದಿದೆಯಾ" ಅನ್ನುತ್ತಾರಲ್ಲ, ಆಗ ಕೇಳಿ: ಹೋದ ವರ್ಷ ಸೇರಿದವರಲ್ಲಿ ಎಷ್ಟು ಜನ ಇನ್ನೂ ರಿಸರ್ವ್‌ನಲ್ಲಿದ್ದಾರೆ, ಯಾವ ಬೇಸ್‌ನಲ್ಲಿ?