ದುರ್ಗ ಬರೆಯಲು ಕಲಿಸುವುದು

ನಾಲ್ಕನೇ ತರಗತಿಯ ಉಕ್ತಲೇಖನದಲ್ಲಿ ‘ಚಿತ್ರದುರ್ಗ’ ಅಂತ ಹೇಳಿದರೆ ಬಹಳಷ್ಟು ಮಕ್ಕಳು ‘ಚಿತ್ರದುಗ್ರ’ ಅಂತ ಬರೆದುಕೊಡುತ್ತಾರೆ. ಸ್ವಂತ ಜಿಲ್ಲೆಯ ಹೆಸರೇ ಬರಲ್ಲವಲ್ಲ ಅಂತ ಬೈಯುವವರಿದ್ದಾರೆ. ನನಗಂತೂ ಆ ತಪ್ಪು ನೋಡಿದಾಗ ಮಗು ಯೋಚನೆ ಮಾಡಿಯೇ ಬರೆದಿದೆ ಅನ್ನಿಸುತ್ತದೆ. ‘ಚಿತ್ರ’ದಲ್ಲಿ ತಕಾರಕ್ಕೆ ರ ಒತ್ತು ಕೊಟ್ಟದ್ದು ಸರಿಯಾಗಿದೆ. ಅದೇ ಲೆಕ್ಕವನ್ನು ‘ದುರ್ಗ’ಕ್ಕೂ ಹಾಕಿದೆ, ಅಷ್ಟೇ. ಅರ್ಕಾವತ್ತಿನ ರ್ ಕಿವಿಗೆ ಮೊದಲು ಕೇಳಿಸುತ್ತದೆ, ಕೈ ಅದನ್ನು ಬರೆಯುವುದು ಗ ಆದ ಮೇಲೆ. ಆಡಿದಂತೆ ಬರೆಯುವ ಭಾಷೆ ನಮ್ಮದು ಅಂತ ಹೆಮ್ಮೆಯಿಂದ ಹೇಳುತ್ತೇವಲ್ಲ, ಒಂಬತ್ತು ವರ್ಷದ ಮಗುವಿಗೆ ಆ ಮಾತು ಇಲ್ಲಿ ಕೈಕೊಡುತ್ತದೆ.

ನಾನು ಚಳ್ಳಕೆರೆ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಮೂರನೇ ತರಗತಿವರೆಗೆ ಮಕ್ಕಳು ನಲಿಕಲಿಯಲ್ಲಿ, ಅಂದರೆ ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕೆಯಲ್ಲಿ, ಅ ಆ ಇ ಈ ಬದಲು ರ ಗ ಸ ದ ಅ ಇಂದ ಶುರುಮಾಡಿ, ಸರ, ಗರಗಸ ಅಂತ ಬೇಗನೆ ಪದ ಓದುತ್ತಾರೆ. ನಾಲ್ಕಕ್ಕೆ ಬಂದ ಕೂಡಲೇ ಪಾಠದ ಸಾಲು ಸಾಲಿನಲ್ಲೂ ಒತ್ತಕ್ಷರ. ಮನೆಯಲ್ಲಿ ತೆಲುಗೋ ಲಂಬಾಣಿಯೋ ಆಡುವ ಮಕ್ಕಳಿಗೆ ಎಷ್ಟೋ ಪದ ಕಿವಿಗೂ ಹೊಸದು, ಕಣ್ಣಿಗೂ ಹೊಸದು.

ಹಾಗಾಗಿ ಬರೆಸುವ ಮೊದಲು ಬಾಯಲ್ಲಿ ಒಡೆಸುತ್ತೇನೆ. ಚಿತ್ರ ಅನ್ನಿ, ತ್ ಮೊದಲೋ ರ ಮೊದಲೋ? ದುರ್ಗ ಅನ್ನಿ, ಈಗ ಯಾವುದು ಮೊದಲು? ಬೋರ್ಡಿನ ಮೇಲೆ ದು, ರ್, ಗ ಅಂತ ಬಿಡಿಬಿಡಿಯಾಗಿ ಬರೆದು, ಆ ರ್ ಅನ್ನು ಅಳಿಸಿ ಗ ಪಕ್ಕಕ್ಕೆ ಅರ್ಕಾವತ್ತಾಗಿ ಬರೆಯುತ್ತೇನೆ. ಜಾಗ ಬದಲಾದದ್ದನ್ನು ಕಣ್ಣಾರೆ ಕಂಡ ಮೇಲೆ ಎರಡು ಪಟ್ಟಿ: ಒಂದರಲ್ಲಿ ಸೂರ್ಯ, ಸರ್ಪ, ಹೊಸದುರ್ಗ, ಇನ್ನೊಂದರಲ್ಲಿ ಚಕ್ರ, ಪತ್ರ, ಪ್ರಾಣಿ. ಒಬ್ಬ ಹುಡುಗಿ ಜಾತ್ರೆಯ ಕರಪತ್ರ ಹಿಡಿದುಕೊಂಡು ಬಂದು, ‘ಮಿಸ್, ಇದು ಯಾವ ಕಡೆ?’ ಅಂದಳು. ‘ಕಾರ್ಯಕ್ರಮ’. ಎರಡೂ ಕಡೆ ಬರೀ ಅಂದೆ. ಆಮೇಲೆ ಕ್ಲಾಸಿಗೆಲ್ಲ ಅಂಥ ಪದ ಹುಡುಕುವ ಹುಚ್ಚು ಹತ್ತಿತು.

ನಮ್ಮ ಜಿಲ್ಲೆಯ ಆರು ತಾಲ್ಲೂಕಿನ ಹೆಸರುಗಳಿಗಿಂತ ಒಳ್ಳೆಯ ಕಾಗುಣಿತದ ಪಾಠ ನನಗೆ ಸಿಕ್ಕಿಲ್ಲ. ಚಳ್ಳಕೆರೆಯಲ್ಲಿ ಳಕಾರಕ್ಕೆ ಅದರದೇ ಒತ್ತು. ಹೊಳಲ್ಕೆರೆ, ಮೊಳಕಾಲ್ಮುರಿನಲ್ಲಿ ಲಕಾರಕ್ಕೆ ಬೇರೆ ಅಕ್ಷರದ ಒತ್ತು. ಹಿರಿಯೂರಿನಲ್ಲಿ ಯೂ ದೀರ್ಘ, ಕೊನೆಯ ರು ಹ್ರಸ್ವ. ಇವೆಲ್ಲ ಬಸ್ಸಿನ ಬೋರ್ಡಿನ ಮೇಲೆ ದಿನಾ ಕಣ್ಣಿಗೆ ಬೀಳುವ ಹೆಸರುಗಳೇ.

‘ಒನಕೆ ಓಬವ್ವ’ ಅಂದರೆ ‘ವನಕೆ ವೋಬವ್ವ’ ಅಂತ ಬರೆಯುವುದೂ ಉಂಟು. ನಾವು ದೊಡ್ಡವರೂ ವಂದು, ವಳ್ಳೇದು ಅಂತಲೇ ಆಡುತ್ತೇವೆ. ಮಗು ಕೇಳಿದ್ದನ್ನು ಬರೆದಿದೆ. ಅದರ ಮನೆಮಾತನ್ನು ತಪ್ಪು ಅನ್ನುವ ಹಕ್ಕು ನನಗಿಲ್ಲ. ಬರೆಯುವಾಗ ಹೀಗೆ ಅಂತ ತೋರಿಸಿದರೆ ಸಾಕು, ಮಕ್ಕಳು ಎರಡನ್ನೂ ಸರಾಗವಾಗಿ ಇಟ್ಟುಕೊಳ್ಳುತ್ತಾರೆ.

ಕಿವಿ ಕೈಬಿಡುವ ಪದಗಳು ಬೇರೆಯೇ ಇವೆ. ಶಾಲೆಯ ಶ, ವರ್ಷದ ಷ ನಮ್ಮ ಬಾಯಲ್ಲಿ ಒಂದೇ. ಕೃಷಿಯನ್ನು ‘ಕ್ರುಷಿ’ ಅಂತ ಬರೆದ ಮಗುವಿಗೆ ಸರಿಯಾಗಿ ಕೇಳಿಸಿಕೋ ಅಂದರೆ ಏನು ಪ್ರಯೋಜನ? ಇವನ್ನು ಕಣ್ಣಿಗೇ ಕಲಿಸಬೇಕು. ಪದ ನೋಡು, ಮುಚ್ಚು, ಬರೆ, ತೆರೆದು ನೀನೇ ತಾಳೆ ನೋಡು. ಹತ್ತು ಸಲ ಬರೆಸುವ ಶಿಕ್ಷೆಯನ್ನು ನಾನು ಒಪ್ಪುವುದೇ ಇಲ್ಲ. ಮಕ್ಕಳು ಪುಟದ ಉದ್ದಕ್ಕೂ ಮೊದಲು ಕ ಕ ಕ ಅಂತ ಇಳಿಸಿ, ಆಮೇಲೆ ವಟ್ರಸುಳಿ ಹಚ್ಚಿ, ಆಮೇಲೆ ಷಿ ಸಾಲು ತುಂಬಿಸುತ್ತಾರೆ. ಪದ ಅವರ ತಲೆಗೆ ಹೋಗಿಯೇ ಇರುವುದಿಲ್ಲ.

ಪೋಷಕರ ಸಭೆಯಲ್ಲಿ ನಾನು ಕೇಳಿಕೊಳ್ಳುವುದು ಒಂದೇ: ಸಂತೆಯ ಚೀಟಿ ಮಕ್ಕಳ ಕೈಲಿ ಬರೆಸಿ. ಈರುಳ್ಳಿ, ಬೆಳ್ಳುಳ್ಳಿ, ಶೇಂಗಾ ಎಣ್ಣೆ, ತೊಗರಿಬೇಳೆ. ‘ನನಗೆ ಓದೋಕೆ ಬರಲ್ಲ ಮಿಸ್’ ಅನ್ನುವ ತಾಯಂದಿರಿಗೆ ಹೇಳುತ್ತೇನೆ, ನೀವು ಓದಬೇಕಿಲ್ಲ ಅಮ್ಮ, ನಿಧಾನವಾಗಿ ಎರಡು ಸಲ ಹೇಳಿ ಸಾಕು. ಚೀಟಿ ಮರುದಿನ ಶಾಲೆಗೆ ಬರಲಿ, ತಪ್ಪಿದ್ದರೆ ನಾನು ಮಗುವಿನ ಪಕ್ಕ ಕೂತು ನೋಡುತ್ತೇನೆ.