ಹಸಿದ ಮೂಳೆಯ ಲೆಕ್ಕ: ಮಾಡೆಲ್ ಎಲ್ಲಿಗೆ ಬಂತು

ಡಯಾಲಿಸಿಸ್‌ನಲ್ಲಿರುವವರಿಗೆ ಪ್ಯಾರಾಥೈರಾಯ್ಡ್ (ರಕ್ತದ ಕ್ಯಾಲ್ಸಿಯಂ ನಿಯಂತ್ರಿಸುವ, ಕುತ್ತಿಗೆಯಲ್ಲಿರುವ ಪುಟ್ಟ ಗ್ರಂಥಿಗಳು) ಆಪರೇಷನ್ ಆದಮೇಲೆ ಯಾರ ಕ್ಯಾಲ್ಸಿಯಂ ತೀರಾ ಕುಸಿಯುತ್ತದೆ ಅಂತ ಹಿಂದಿನ ದಿನವೇ ಹೇಳಬೇಕು. ಇದೇ ಗುರಿ. ಹೆಸರು ತೆಗೆದ ಹಳೇ ರೆಕಾರ್ಡ್‌ಗಳು, ಪೈಥಾನ್, ಸರಳ ಲಾಜಿಸ್ಟಿಕ್ ರಿಗ್ರೆಷನ್ (ಹೌದು-ಇಲ್ಲ ಉತ್ತರದ ಸಾಧ್ಯತೆ ಲೆಕ್ಕ ಹಾಕುವ ಮಾಡೆಲ್). ಅಷ್ಟೇ ಸಾಮಾನು.

ವರ್ಷಗಟ್ಟಲೆ ಈ ಗ್ರಂಥಿಗಳ ಪಿಟಿಎಚ್ ಹಾರ್ಮೋನ್ ಜಾಸ್ತಿಯಾಗಿ ಮೂಳೆ ಸವೆದಿರುತ್ತದೆ. ಗ್ರಂಥಿ ತೆಗೆದ ನಿಮಿಷಗಳಲ್ಲೇ ಪಿಟಿಎಚ್ ಇಳಿಯುತ್ತದೆ, ಆಗ ಮೂಳೆ ರಕ್ತದಲ್ಲಿರುವ ಕ್ಯಾಲ್ಸಿಯಂ, ಫಾಸ್ಫರಸ್, ಮೆಗ್ನೀಸಿಯಂ ಎಲ್ಲವನ್ನೂ ಎಳೆದುಕೊಳ್ಳಲು ಶುರುಮಾಡುತ್ತದೆ. ಇದಕ್ಕೇ 'ಹಸಿದ ಮೂಳೆ' (ಹಂಗ್ರಿ ಬೋನ್ ಸಿಂಡ್ರೋಮ್) ಅನ್ನುವುದು. ತುಟಿ ಸುತ್ತ ಜೋಮು, ಕೈ ಸೆಟೆದುಕೊಳ್ಳುವುದು, ಜೋರಾದರೆ ಫಿಟ್ಸ್. ಸುಮ್ನೆ ಬಿಡುವ ವಿಷಯ ಅಲ್ಲ.

ಅಪಾಯ ಹೇಳುವ ಸೂಚಕಗಳಲ್ಲಿ ಸದ್ಯಕ್ಕೆ ಗಟ್ಟಿಯಾಗಿ ನಿಂತಿರುವುದು ಆಲ್ಕಲೈನ್ ಫಾಸ್ಫಟೇಸ್, ರಕ್ತದಲ್ಲಿ ಅಳೆಯುವ ಒಂದು ಕಿಣ್ವ. ಎಲ್ಲರ ಕಣ್ಣು ಮೊದಲು ಹೋಗುವುದು ಪಿಟಿಎಚ್ ಮೇಲೆ, ಆದರೆ ಮೂಳೆ ಕಟ್ಟುವ ಕೆಲಸ ಎಷ್ಟು ಜೋರಾಗಿದೆ ಅಂತ ನೇರವಾಗಿ ತೋರಿಸುವುದು ಇದು. ಲಿವರ್ ತೊಂದರೆ ಇದ್ದರೂ ಏರುತ್ತದೆ, ಹಾಗಾಗಿ ಜಿಜಿಟಿ (ಲಿವರ್ ತೊಂದರೆ ತೋರಿಸುವ ಕಿಣ್ವ) ಕೂಡ ನೋಡುತ್ತಿದ್ದೇನೆ. ಜೊತೆಗೆ ವಯಸ್ಸು (ಚಿಕ್ಕವರಿಗೇ ಅಪಾಯ ಜಾಸ್ತಿ), ಅಲ್ಬುಮಿನ್‌ಗೆ (ಕ್ಯಾಲ್ಸಿಯಂ ಅಂಟಿಕೊಳ್ಳುವ ರಕ್ತದ ಪ್ರೋಟೀನ್) ಸರಿಹೊಂದಿಸಿದ ಕ್ಯಾಲ್ಸಿಯಂ. ತೆಗೆದ ಗ್ರಂಥಿಯ ತೂಕ ಸೇರಿಸಿಲ್ಲ, ಅದು ಆಪರೇಷನ್‌ಗೆ ಮುಂಚೆ ಸಿಗುವುದಿಲ್ವಲ್ಲ.

ನಿಜವಾದ ತಲೆನೋವು ಉತ್ತರದ ಕಾಲಂ, ಅಂದರೆ ಯಾರಿಗೆ ಹಸಿದ ಮೂಳೆ ಆಯ್ತು, ಯಾರಿಗೆ ಆಗಲಿಲ್ಲ ಅಂತ ಮಾಡೆಲ್‌ಗೆ ಕೊಡುವ ಗುರುತು. ಕ್ಯಾಲ್ಸಿಯಂ ಡೆಸಿಲೀಟರ್‌ಗೆ 8.4 ಮಿಲಿಗ್ರಾಂಗಿಂತ ಕೆಳಗೆ 4 ದಿನ ದಾಟಿದರೆ ಹಸಿದ ಮೂಳೆ ಅಂತ ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ. ಆದರೆ ಆಪರೇಷನ್ ಮುಗಿದ ಕೂಡಲೇ ಕ್ಯಾಲ್ಸಿಯಂ ಕೊಡಲು ಶುರು ಮಾಡುತ್ತಾರಲ್ವಾ? ಡ್ರಿಪ್ ಚೆನ್ನಾಗಿ ಹೋದವರ ರಿಪೋರ್ಟ್ ಚೆನ್ನಾಗೇ ಇರುತ್ತದೆ, ಮಾಡೆಲ್ ಅವರನ್ನು ಅಪಾಯ ಇಲ್ಲದವರ ಗುಂಪಿಗೆ ಹಾಕಿಬಿಡುತ್ತದೆ. ಅದಕ್ಕೆ ಈಗ ಅತಿ ಕಡಿಮೆ ರೀಡಿಂಗ್ ಜೊತೆಗೆ ಕೊಟ್ಟ ಒಟ್ಟು ಕ್ಯಾಲ್ಸಿಯಂ ಕೂಡ ಸೇರಿಸುತ್ತಿದ್ದೇನೆ. ಈ ಕೂಡಿಸುವ ಕೆಲಸ ತುಂಬಾ ನಿಧಾನ. 10% ಕ್ಯಾಲ್ಸಿಯಂ ಗ್ಲುಕೋನೇಟ್‌ನ 10 ಎಂಎಲ್ ಆಂಪ್ಯೂಲ್‌ನಲ್ಲಿ ನಿಜವಾದ ಕ್ಯಾಲ್ಸಿಯಂ ಸುಮಾರು 90 ಮಿಲಿಗ್ರಾಂ ಮಾತ್ರ, ಕಾರ್ಬೋನೇಟ್ ಮಾತ್ರೆಯಲ್ಲಿ ತೂಕದ 40%. ಚಾರ್ಟ್‌ನಲ್ಲಿ ಬರೀ '500' ಅಂತಿದ್ದರೆ ಅದು ಕಾರ್ಬೋನೇಟೋ ಕ್ಯಾಲ್ಸಿಯಮ್ಮೋ ಅಂತ ಪ್ರತಿ ಸಲ ಹುಡುಕಬೇಕು.

ಒಂದು ಮಾತು ಸ್ಪಷ್ಟ ಇರಲಿ. ಮಾಡೆಲ್ 'ಅಪಾಯ ಕಡಿಮೆ' ಅಂದರೂ ಮೊದಲ 48ರಿಂದ 72 ಗಂಟೆ ರಕ್ತ ಪರೀಕ್ಷೆ ಬಿಡುವಂತಿಲ್ಲ. 2003ರ ಕೆಡಿಒಕ್ಯುಐ (ಅಮೆರಿಕದ ಕಿಡ್ನಿ ಫೌಂಡೇಶನ್‌ನ) ಮಾರ್ಗಸೂಚಿ ಹೇಳುವಂತೆ 4ರಿಂದ 6 ಗಂಟೆಗೊಮ್ಮೆ ಅಯಾನೈಸ್ಡ್ ಕ್ಯಾಲ್ಸಿಯಂ (ಪ್ರೋಟೀನ್‌ಗೆ ಅಂಟಿಕೊಳ್ಳದೆ ಬಿಡಿಯಾಗಿರುವುದು) ನೋಡಲೇಬೇಕು. ಯಾರಿಗೆ ಕ್ಯಾಲ್ಸಿಟ್ರಿಯಾಲ್ (ವಿಟಮಿನ್ ಡಿ ಯ ಸಕ್ರಿಯ ರೂಪ) ಮುಂಚೆಯೇ ಶುರು ಮಾಡಬೇಕು, ಯಾರಿಗೆ ಐಸಿಯು ಬೆಡ್ ಹಿಡಿದಿಡಬೇಕು ಅನ್ನುವುದಕ್ಕೆ ಮಾತ್ರ ಇದರ ಸಹಾಯ.

ಮುಂದಿನ ಕೆಲಸ: ಲ್ಯಾಬ್‌ನಿಂದ ಲ್ಯಾಬ್‌ಗೆ ಫಾಸ್ಫಟೇಸ್ ರೇಂಜ್ ಬೇರೆ, ಆದ್ದರಿಂದ ನಾರ್ಮಲ್ ಮಿತಿಯ ಎಷ್ಟು ಪಟ್ಟು ಅಂತ ಎಲ್ಲವನ್ನೂ ಬದಲಾಯಿಸಿ ಮತ್ತೆ ಓಡಿಸುವುದು.