"ಬೈಕಿಗೆ ಹಾಕಿದ್ರೆ ಓಡುತ್ತಾ?" ಅಂತ ಕೇಳುವವರಿಗೆ

ಓಡಲ್ಲ.

ಅಡಿಕೆ ಸಿಪ್ಪೆ, ಮರದ ಪುಡಿಯಿಂದ ಬಯೋ ಆಯಿಲ್ ಮಾಡುವ ಲ್ಯಾಬಿನಲ್ಲಿದ್ದೇನೆ ಅಂದ ಕೂಡಲೇ ಬರುವ ಪ್ರಶ್ನೆ ಇದು. ಇನ್ನು ಕೆಲವರು "ಓ, ಹೊಂಗೆ ಎಣ್ಣೆನಾ?" ಅಂತಾರೆ. ಅಲ್ಲ ಮಾರಾಯ್ರೇ. ಹೊಂಗೆ ಎಣ್ಣೆ ಬೀಜ ಹಿಂಡಿ ತೆಗೆಯುವುದು. ನಮ್ಮದು ಬೇರೆ ಕಥೆ. ಒಣಗಿದ ಪುಡಿಯನ್ನು ಗಾಳಿ ತಾಗದಂತೆ ಸುಮಾರು 500 ಡಿಗ್ರಿಗೆ ಸರ್ರನೆ ಕಾಯಿಸಿ, ಏಳುವ ಹಬೆಯನ್ನು ಒಂದೆರಡು ಸೆಕೆಂಡಿನಲ್ಲಿ ತಣಿಸಬೇಕು. ಆಗ ಸಿಗುವುದು ಹೊಗೆ ವಾಸನೆಯ ಕಪ್ಪು ದ್ರವ. ಅದರಲ್ಲಿ ಕಾಲು ಭಾಗದಷ್ಟು ನೀರೇ. ಹುಳಿಯಂತೂ ಕೇಳಬೇಡಿ, ಪಿಎಚ್ 2ರಿಂದ 3. ಮಾಮೂಲಿ ಕಬ್ಬಿಣದ ಡಬ್ಬ ತೂತಾಗುತ್ತದೆ. ಡೀಸೆಲ್ ಜೊತೆ ಬೆರೆಯುವುದಿಲ್ಲ. ಕೆಜಿಗೆ ಸಿಗುವ ಶಾಖ ಡೀಸೆಲ್‌ನ ಅರ್ಧವೂ ಇಲ್ಲ.

ಒಂದು ಮದುವೆ ಊಟದಲ್ಲಿ ನಮ್ಮ ದೊಡ್ಡಪ್ಪ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ಅದೇನು ಮಹಾ ವಿದ್ಯೆನಾ? ಕಾಯಿಸಿ ಬಟ್ಟಿ ಇಳಿಸೋ. ನೀರು ಬೇರೆ, ಎಣ್ಣೆ ಬೇರೆ" ಅಂದರು. ಕಚ್ಚಾ ತೈಲಕ್ಕೆ ಆ ಮಾತು ಸರಿ. ಇದನ್ನು 100 ಡಿಗ್ರಿ ದಾಟಿಸಿದರೆ ಒಳಗಿನ ರಾಸಾಯನಿಕಗಳಾದ ಆಲ್ಡಿಹೈಡ್, ಫೀನಾಲ್‌ಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಫ್ಲಾಸ್ಕಿನ ತಳದಲ್ಲಿ ಕರ್ರಗೆ ಗಟ್ಟಿಯಾಗಿ ಕೂರುತ್ತದೆ. ಅದನ್ನು ಕೆರೆಯೋಕೆ ದೊಡ್ಡಪ್ಪ ಬರ್ತಾರಾ?

ಬೆಂಕಿಗಿಂತ ನೀರು ವಾಸಿ. ಇನ್ನಷ್ಟು ನೀರು ಸುರಿದರೆ ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್‌ನಿಂದ ಬಂದ ಅಂಟು ಕೆಳಗಿಳಿಯುತ್ತದೆ, ಸಕ್ಕರೆ, ಆಮ್ಲಗಳು ನೀರಿನಲ್ಲೇ ಉಳಿಯುತ್ತವೆ. ಹಬೆಯಾಗಿದ್ದಾಗಲೇ ಬೇರೆ ಬೇರೆ ಬಿಸಿಯ ಕಂಡೆನ್ಸರ್‌ಗಳಲ್ಲಿ ಹಂತಹಂತವಾಗಿ ಇಳಿಸಿಕೊಂಡರೆ ಇನ್ನೂ ಚೆನ್ನ.

"ಬಾಟಲಿಯಲ್ಲಿಟ್ಟರೆ ಹಾಗೇ ಇರುತ್ತಾ?" ಅಂತ ಒಬ್ಬರಾದರೂ ಕೇಳಬಾರದಾ? ನನ್ನ ನಿದ್ದೆ ಕೆಡಿಸಿರುವುದು ಅದೇ. ಸುಮ್ನೆ ಇಟ್ಟರೂ ಆ ಕಚ್ಚಿಕೊಳ್ಳುವ ಕೆಲಸ ಒಳಗೊಳಗೇ ನಡೆಯುತ್ತಿರುತ್ತದೆ. ಬರಬರುತ್ತಾ ಜೋನಿ ಬೆಲ್ಲದಷ್ಟು ಮಂದವಾಗಿ, ಕೊನೆಗೆ ಎರಡು ಪದರ ಒಡೆಯುತ್ತದೆ. ಸೋಸದೆ ಉಳಿದ ಇದ್ದಿಲ ಪುಡಿ, ಅದರಲ್ಲಿನ ಪೊಟ್ಯಾಸಿಯಂ ಇದಕ್ಕೆ ಕುಮ್ಮಕ್ಕು. ಅದಕ್ಕೇ ಕಾಯುತ್ತಾ ಕೂರುವ ಬದಲು, ಈ ಕೆಲಸ ಬೇಗ ನಡೆಯಲಿ ಅಂತ 80 ಡಿಗ್ರಿಯಲ್ಲಿ 24 ಗಂಟೆ ಇಟ್ಟು, ಎಷ್ಟು ಮಂದವಾಯಿತು ಅಂತ ಅಳೆದು ನೋಡುತ್ತೇವೆ. ಶೇಕಡಾ 10ರಷ್ಟು ಮೆಥನಾಲ್ ಬೆರೆಸಿದರೆ ಇದೆಲ್ಲ ಬಹಳ ನಿಧಾನವಾಗುತ್ತದೆ. ಒತ್ತಡದಲ್ಲಿ ಹೈಡ್ರೋಜನ್ ಕೊಟ್ಟು, ಈ ಕಾಟಕ್ಕೆ ಮೂಲವಾದ ಆಮ್ಲಜನಕವನ್ನೇ ತೆಗೆಯುವ ದಾರಿಯೂ ಇದೆ, ಆದರೆ ಖರ್ಚು ಜಾಸ್ತಿ, ಆ ಕ್ರಿಯೆಯನ್ನು ಚುರುಕುಗೊಳಿಸುವ ಕ್ಯಾಟಲಿಸ್ಟ್ ಬೇಗ ಮಸಿ ಕಟ್ಟಿಕೊಳ್ಳುತ್ತದೆ.

ಹಾಗಂತ ಕೆಲಸಕ್ಕೆ ಬಾರದ ವಸ್ತು ಅನ್ನಬೇಡಿ. ನೆದರ್‌ಲ್ಯಾಂಡ್ಸ್‌ನ ಹೆಂಗೆಲೋದಲ್ಲಿ 2015ರಲ್ಲಿ ಶುರುವಾದ ಘಟಕದ ಬಯೋ ಆಯಿಲನ್ನು ಹಾಲಿನ ಕಾರ್ಖಾನೆಯೊಂದರ ಬಾಯ್ಲರ್‌ನಲ್ಲಿ ಉರಿಸಿದ್ದಾರೆ. ಬಾಯ್ಲರ್ ಇದ್ದವರು ಬನ್ನಿ, ಮಾತಾಡೋಣ. ಮೆಥನಾಲ್ ಖರ್ಚು ಯಾರದು ಅನ್ನುವುದು ಮಾತ್ರ ಮೊದಲೇ ತೀರ್ಮಾನ ಆಗಲಿ.